ನೀರಿಲ್ಲದ ಸ್ನಾನ: ಕೊಡಗಿನ ಥಂಡಿಯಲ್ಲಿ ಹ್ಯಾಮ್‌ಸ್ಟರ್ ತುಪ್ಪಳದ ಆರೈಕೆ

ಕಕ್ಕಡ ತಿಂಗಳ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳ, ಒಂದು ಮಧ್ಯಾಹ್ನ. ಎರಡು ವಾರಗಳಿಂದ ಬಿಸಿಲಿನ ಮುಖ ಕಾಣದೆ ಮಡಿಕೇರಿಯ ನಮ್ಮ ಮನೆಯ ಗೋಡೆಗಳೆಲ್ಲ ಬೆವರುತ್ತಿದ್ದವು. ಒಗೆದ ಬಟ್ಟೆ ಮೂರು ದಿನ ಕಳೆದರೂ ಹಸಿಯಾಗಿಯೇ ಇತ್ತು. ಅಂಥ ದಿನ ನನ್ನ ಹತ್ತು ವರ್ಷದ ಮಗಳು, ತನ್ನ ಹ್ಯಾಮ್‌ಸ್ಟರ್ (ಇಲಿಜಾತಿಯ ಪುಟ್ಟ ಸಾಕುಪ್ರಾಣಿ) ಗುಂಡನ ಮೈ ನಾರುತ್ತಿದೆ ಎಂದು, ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ಎಳೆಮಕ್ಕಳ ಶಾಂಪೂ ಬೆರೆಸಿ ಅದಕ್ಕೆ ತಲೆಯಿಂದ ಬಾಲದವರೆಗೆ ಸ್ನಾನ ಮಾಡಿಸಿದಳು. ನಾನು ತೋಟದಿಂದ ಬಂದು ಕೊಡೆ ಮಡಿಸುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು: “ಅಮ್ಮ, ಗುಂಡ ಏಳ್ತಾನೇ ಇಲ್ಲ.” ಕೈಗೆತ್ತಿಕೊಂಡಾಗ ಅದರ ಮೈ ತಣ್ಣಗಿತ್ತು. ಹತ್ತಿಯ ಉಂಡೆಯಂತಿದ್ದ ತುಪ್ಪಳ ಮುಳ್ಳುಮುಳ್ಳಾಗಿ ಮೈಗಂಟಿತ್ತು. ಅದರ ಕೆಳಗಿನ ದೇಹ ನಾವು ಅಂದುಕೊಂಡಿದ್ದರ ಅರ್ಧದಷ್ಟೂ ಇರಲಿಲ್ಲ. ಕಣ್ಣು ಅರೆ ಮುಚ್ಚಿ, ಹಿಂಗಾಲುಗಳು ಸೆಟೆದಿದ್ದವು. ಒಣ ಟವೆಲ್ಲಿನಿಂದ ಒತ್ತಿ ಒತ್ತಿ ನೀರು ತೆಗೆದು, ಇನ್ನೊಂದು ಒಣ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕುಳಿತೆ. ಮುಕ್ಕಾಲು ಗಂಟೆಯ ನಂತರ ಬಟ್ಟೆಯೊಳಗೆ ಮೀಸೆ ಅಲ್ಲಾಡಿತು.

ಮಗಳ ತಪ್ಪೆಂದು ನನಗೆ ಅನ್ನಿಸಲಿಲ್ಲ. ಪ್ರೀತಿಯಿದ್ದವರಿಗೆ ಎಣ್ಣೆ ಹಚ್ಚಿ ತಲೆಗೆ ನೀರೆರೆಯುವ ನಾಡು ನಮ್ಮದು. ಹಸುವಿನ ಮೈ ತೊಳೆಯುತ್ತೇವೆ, ನಾಯಿಗೂ ತಿಂಗಳಿಗೊಮ್ಮೆ ಸ್ನಾನ ಮಾಡಿಸುತ್ತೇವೆ. ಸ್ವಚ್ಛತೆಯೆಂದರೆ ನೀರು ಎನ್ನುವುದು ನಮ್ಮ ರಕ್ತದಲ್ಲೇ ಇದೆ. ಆದರೆ ಹ್ಯಾಮ್‌ಸ್ಟರ್‌ನ ವಿಷಯದಲ್ಲಿ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿಕೊಳ್ಳಬೇಕಾಗುತ್ತದೆ. ತನ್ನ ತುಪ್ಪಳವನ್ನು ಅದು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಅದೂ ನಾವು ಮಾಡಬಹುದಾದುದಕ್ಕಿಂತ ಅಚ್ಚುಕಟ್ಟಾಗಿ. ಅದಕ್ಕೆ ನಮ್ಮಿಂದ ಬೇಕಾದುದು ಒಣಗಿದ ಜಾಗ, ಒಣಗಿದ ಹಾಸು ಮತ್ತು ಒಂದು ಬಟ್ಟಲು ಮರಳು. ವರ್ಷದ ನಾಲ್ಕು ತಿಂಗಳು ಎಲ್ಲವೂ ತೇವವಾಗಿರುವ ಕೊಡಗಿನಲ್ಲಿ ಈ ‘ಒಣ’ ಎಂಬ ಎರಡಕ್ಷರವನ್ನು ಸಾಧಿಸುವುದೇ ನಿಜವಾದ ಕೆಲಸ; ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ನೀರು ಏಕೆ ಇಷ್ಟು ಅಪಾಯಕಾರಿ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಒಂದು ಗ್ರಾಂ ನೀರು ಮೈಮೇಲಿಂದ ಆವಿಯಾಗಿ ಹೋಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. (ಇದು ಭೌತಶಾಸ್ತ್ರದ ಸಣ್ಣ ಕ್ಯಾಲೊರಿ; ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆದಿರುವುದು ಇದರ ಸಾವಿರ ಪಟ್ಟಿನದು.) ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ 100ರಿಂದ 150 ಗ್ರಾಂ ತೂಗುತ್ತದೆ. 120 ಗ್ರಾಂ ತೂಕದ ದೇಹವನ್ನು ಒಂದು ಡಿಗ್ರಿ ಬಿಸಿಯೇರಿಸಲು ಸುಮಾರು 100 ಕ್ಯಾಲೊರಿ ಸಾಕು. ಅಂದರೆ ತುಪ್ಪಳದಲ್ಲಿ ಉಳಿದ ಒಂದೇ ಒಂದು ಗ್ರಾಂ ನೀರು ಆ ಮೈಯ ಶಾಖದಿಂದಲೇ ಆರಬೇಕಾದರೆ, ಹೆಚ್ಚುಕಡಿಮೆ ಆರು ಡಿಗ್ರಿಯಷ್ಟು ಶಾಖವನ್ನು ಅದು ಹೊತ್ತೊಯ್ಯುತ್ತದೆ. ಆ ನಷ್ಟವನ್ನು ದೇಹ ಒಳಗಿನಿಂದ ಮತ್ತೆ ತುಂಬಿಕೊಳ್ಳಬೇಕು. ಸ್ನಾನ ಮಾಡಿಸಿದ ತುಪ್ಪಳದಲ್ಲಿ ನಿಲ್ಲುವುದು ಒಂದು ಗ್ರಾಂ ಅಲ್ಲ, ಹಲವು ಗ್ರಾಂ. ಮನುಷ್ಯರಿಗೆ ಒದ್ದೆ ತಲೆಯಲ್ಲಿ ಮಲಗಿದರೆ ನೆಗಡಿಯಾಗಬಹುದೆಂಬ ಅಂಜಿಕೆಯಷ್ಟೇ ಇದ್ದರೆ, ಇಷ್ಟು ಪುಟ್ಟ ಜೀವಕ್ಕೆ ಒದ್ದೆ ಮೈ ಎಂದರೆ ದೇಹದ ಉಷ್ಣತೆಯೇ ಕುಸಿಯುವ ಸ್ಥಿತಿ. ಅದರ ಹಿಂದೆಯೇ ಶ್ವಾಸಕೋಶದ ಸೋಂಕು ಬರಬಹುದು. ಮಳೆಗಾಲದಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ತುಪ್ಪಳ ಬೇಗ ಆರುವುದಿಲ್ಲ, ಒದ್ದೆಯ ಅವಧಿ ಗಂಟೆಗಟ್ಟಲೆ ಎಳೆಯುತ್ತದೆ. ಶಾಂಪೂ ಇನ್ನೊಂದು ಹಾನಿ ಮಾಡುತ್ತದೆ: ಕೂದಲಿಗೆ ಹೊಳಪನ್ನೂ ನೀರಿನಿಂದ ರಕ್ಷಣೆಯನ್ನೂ ಕೊಡುವ ಚರ್ಮದ ಜಿಡ್ಡನ್ನು ತೊಳೆದುಹಾಕುತ್ತದೆ.

ಈ ಪ್ರಾಣಿಯ ತವರನ್ನು ನೆನೆದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಮನೆಗಳಲ್ಲಿರುವ ಹೊಂಬಣ್ಣದ ಸಿರಿಯನ್ ಹ್ಯಾಮ್‌ಸ್ಟರ್‌ನ ಮೂಲ ಸಿರಿಯಾದ ಅಲೆಪ್ಪೊ ನಗರದ ಸುತ್ತಲಿನ ಬಯಲು ಮತ್ತು ಅದಕ್ಕೆ ಹೊಂದಿಕೊಂಡ ಟರ್ಕಿಯ ದಕ್ಷಿಣ ಅಂಚು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರು ಅಲೆಪ್ಪೊ ಬಳಿಯ ಹೊಲವೊಂದನ್ನು ಅಗೆಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ತಂದರು. ಇಂದು ಜಗತ್ತಿನ ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳ ವಂಶ ಬಹುತೇಕ ಆ ಕುಟುಂಬದಿಂದಲೇ ಬೆಳೆದದ್ದು. ಅಲೆಪ್ಪೊದಲ್ಲಿ ವರ್ಷಪೂರ್ತಿ ಬೀಳುವ ಮಳೆ ಸುಮಾರು 300ರಿಂದ 350 ಮಿಲಿಮೀಟರ್. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಲೆಪ್ಪೊ ಇಡೀ ವರ್ಷ ಕಾಣುವಷ್ಟನ್ನು ನಾವು ಜುಲೈ ತಿಂಗಳೊಂದರಲ್ಲೇ ಕಂಡು ಮೀರುತ್ತೇವೆ. ಅಲ್ಲಿ ಅದು ಹೊಲದ ಮಣ್ಣಿನಲ್ಲಿ ಅರ್ಧ ಮೀಟರಿಗೂ ಹೆಚ್ಚು ಆಳದ ಬಿಲ ತೋಡಿ, ಒಣಗಿದ ಗೂಡಿನಲ್ಲಿ ಹಗಲು ಕಳೆದು, ಮಣ್ಣಿಗೆ ಮೈಯುಜ್ಜಿಕೊಂಡೇ ಓಡಾಡುತ್ತದೆ. ಅಂಗಡಿಗಳಲ್ಲಿ ಸಿಗುವ ಕುಬ್ಜ ಜಾತಿಗಳು ಮಂಗೋಲಿಯಾ, ಸೈಬೀರಿಯಾ ಕಡೆಯ ಒಣ ಹುಲ್ಲುಗಾವಲು ಮತ್ತು ಮರಳುಗಾಡಿನವು. ನೀರಿನಲ್ಲಿ ಮೀಯುವ ಅಭ್ಯಾಸ ಇವುಗಳಲ್ಲಿ ಯಾವುದಕ್ಕೂ ಇಲ್ಲ.

ತುಪ್ಪಳವೆಂದರೆ ಒಂದೇ ಬಗೆಯ ಕೂದಲಲ್ಲ. ಮೇಲೆ ಕಾಣುವುದು ತುಸು ಒರಟಾದ, ಉದ್ದನೆಯ ಹೊರಗೂದಲು. ಅದರಡಿ ದಟ್ಟವಾದ, ಮೃದುವಾದ ಒಳಗೂದಲು. ಒಳಗೂದಲಿನ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಮೈಯನ್ನು ಬೆಚ್ಚಗಿಡುವುದು ನಿಜವಾಗಿ ಆ ಗಾಳಿಯೇ. ಪ್ರತಿ ಕೂದಲಿನ ಬುಡದಲ್ಲಿ ಜಿಡ್ಡು ಒಸರುವ ಗ್ರಂಥಿಯಿದೆ. ಜಿಡ್ಡು ಹದವಾಗಿ ಹರಡಿದ್ದರೆ ಕೂದಲು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಂತು ಗಾಳಿಯನ್ನು ಹಿಡಿದಿಡುತ್ತದೆ; ಹೆಚ್ಚಾದರೆ ಅಥವಾ ತೇವ ಸೇರಿದರೆ ಎಳೆಗಳು ಕೂಡಿಕೊಂಡು ಗಂಟಾಗುತ್ತವೆ, ಗಾಳಿ ಹೊರಬಿದ್ದು ಚರ್ಮ ಬತ್ತಲಾಗುತ್ತದೆ. ಹಾಗಾಗಿ ತುಪ್ಪಳದ ಶುಚಿತ್ವ ಅಂದದ ಪ್ರಶ್ನೆ ಮಾತ್ರವಲ್ಲ. ಅದು ಈ ಪ್ರಾಣಿಯ ಕಂಬಳಿಯ ಪ್ರಶ್ನೆ.

ಆ ಕಂಬಳಿಯನ್ನು ಅದು ಹೇಗೆ ಕೊಡವಿಕೊಳ್ಳುತ್ತದೆ ಎಂಬುದನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಸಂಜೆ ಏಳೂವರೆಯ ಹೊತ್ತಿಗೆ ಗುಂಡ ಬಿಲದಿಂದ ಹೊರಬಂದು ಮೊದಲು ಮೈಮುರಿಯುತ್ತದೆ. ಆಮೇಲೆ ಹಿಂಗಾಲ ಮೇಲೆ ಕುಳಿತು ಎರಡೂ ಮುಂಗೈಗಳನ್ನು ನೆಕ್ಕಿ, ಮೂಗಿನ ಮೇಲೆ ಚಿಕ್ಕ ಚಿಕ್ಕ ಸುತ್ತು ಹಾಕಿ ಒರೆಸಿಕೊಳ್ಳುತ್ತದೆ. ನಿಧಾನವಾಗಿ ಆ ಸುತ್ತುಗಳು ದೊಡ್ಡದಾಗುತ್ತಾ ಕಣ್ಣು, ಕೆನ್ನೆ, ಕಿವಿಯ ಹಿಂಭಾಗದವರೆಗೆ ಹೋಗುತ್ತವೆ. ಕಿವಿ ಮಡಚಿ ಮತ್ತೆ ಟಕ್ಕನೆ ನಿಲ್ಲುತ್ತದೆ. ಮುಖ ಮುಗಿದ ಮೇಲೆ ಪಕ್ಕೆ, ಹೊಟ್ಟೆ, ಕೊನೆಗೆ ಹಿಂಭಾಗ. ನಡುನಡುವೆ ಹಿಂಗಾಲಿನಿಂದ ಕೆರೆದು, ಆ ಉಗುರನ್ನು ಬಾಯಲ್ಲಿ ಶುಚಿ ಮಾಡಿಕೊಳ್ಳುತ್ತದೆ. ತಲೆಯಿಂದ ಬಾಲದ ಕಡೆಗೆ ಸಾಗುವ ಈ ಕ್ರಮ ಇಲಿಜಾತಿಯ ಪ್ರಾಣಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಎಚ್ಚರವಿರುವ ಹೊತ್ತಿನ ಗಣನೀಯ ಪಾಲು ಇದಕ್ಕೇ ಹೋಗುತ್ತದೆ. ಹ್ಯಾಮ್‌ಸ್ಟರ್ ಈ ಕೆಲಸವನ್ನು ನಿಲ್ಲಿಸಿತೆಂದರೆ, ಕೂದಲು ಕೆದರಿಕೊಂಡು ಮೂಲೆಯಲ್ಲಿ ಮುದುಡಿ ಕುಳಿತಿತೆಂದರೆ, ಅದಕ್ಕೆ ಎಲ್ಲೋ ನೋವಿದೆ ಎಂದೇ ತಿಳಿಯಬೇಕು. ಹೊಟ್ಟೆನೋವಿರಲಿ, ಹಲ್ಲುನೋವಿರಲಿ, ಮೊದಲು ಕಾಣಿಸುವುದು ತುಪ್ಪಳದಲ್ಲೇ.

ಈ ಕೆಲಸಕ್ಕೆ ನಾವು ಕೊಡಬಹುದಾದ ದೊಡ್ಡ ನೆರವು ಮರಳು. ಎಣ್ಣೆಸ್ನಾನದ ನಂತರ ಕಡಲೆಹಿಟ್ಟು ಹಚ್ಚಿದಾಗ ಅದು ಮೈಯ ಜಿಡ್ಡನ್ನು ಎಳೆದುಕೊಳ್ಳುವುದಿಲ್ಲವೇ, ಮರಳಿನ ಕೆಲಸವೂ ಅದೇ ಬಗೆಯದು: ಹ್ಯಾಮ್‌ಸ್ಟರ್ ಅದರಲ್ಲಿ ಹೊರಳಿದಾಗ ಕಣಗಳು ಕೂದಲಿನ ಎಳೆಗಳ ನಡುವೆ ನುಗ್ಗಿ, ಹೆಚ್ಚಿನ ಜಿಡ್ಡನ್ನೂ ಕೊಳೆಯನ್ನೂ ತಮ್ಮ ಮೇಲೆ ಹಚ್ಚಿಕೊಂಡು, ಮೈ ಕೊಡವಿದಾಗ ಉದುರಿಹೋಗುತ್ತವೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಬೇಕು. ಬೇಕಾದುದು ಮರಳು, ದೂಳಲ್ಲ. ಚಿಂಚಿಲ್ಲಾ ಎಂಬ ಪ್ರಾಣಿಗಾಗಿ ಮಾರುವ ನುಣುಪಾದ ಪುಡಿಯನ್ನು ಹ್ಯಾಮ್‌ಸ್ಟರ್‌ಗೂ ಕೊಡುವವರಿದ್ದಾರೆ; ಆ ಪುಡಿ ಗಾಳಿಯಲ್ಲಿ ತೇಲಿ ಅದರ ಶ್ವಾಸಕೋಶ ಸೇರುತ್ತದೆ. ಮಕ್ಕಳ ಟಾಲ್ಕಂ ಪೌಡರೂ ಅಷ್ಟೇ ಕೆಟ್ಟದ್ದು. ನಾನು ಮಾಡುವ ಪರೀಕ್ಷೆ ಸರಳ: ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಚ್ಚಿ, ಒಂದು ಗೇಣು ಎತ್ತರದಿಂದ ಚಮಚದಷ್ಟು ಮರಳನ್ನು ತಟ್ಟೆಗೆ ಸುರಿಯುತ್ತೇನೆ. ಬೆಳಕಿನ ಕೋಲಿನಲ್ಲಿ ಮಂಜು ಎದ್ದು ನಿಂತರೆ ಆ ಮರಳು ನಮ್ಮ ಗೂಡಿಗೆ ಬೇಡ. ಬಣ್ಣ ಹಾಕಿದ, ಸುವಾಸನೆ ಬೆರೆಸಿದ, ಕ್ಯಾಲ್ಸಿಯಂ ಸೇರಿಸಿದ ಮರಳೂ ಬೇಡ. ಅದು ಕೈ ನೆಕ್ಕಿ ಮೈ ಒರೆಸಿಕೊಳ್ಳುವ ಪ್ರಾಣಿ, ತುಪ್ಪಳಕ್ಕೆ ಅಂಟಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ.

ಹ್ಯಾಮ್‌ಸ್ಟರ್‌ಗೆಂದೇ ಮಾರುವ ಸ್ನಾನದ ಮರಳನ್ನು ಆನ್‌ಲೈನಿನಲ್ಲಿ ತರಿಸುವುದು ಸುಲಭದ ದಾರಿ. ಮನೆ ಕಟ್ಟುವಲ್ಲಿಂದ ಒಂದು ಹಿಡಿ ತರೋಣವೆಂದರೆ ಈಗ ಎಲ್ಲೆಡೆ ಇರುವುದು ಎಂ-ಸ್ಯಾಂಡ್. ಅದು ಕಲ್ಲನ್ನು ಅರೆದು ಮಾಡಿದ್ದು, ಕಣಗಳು ಚೂಪು, ಕಲ್ಲುಪುಡಿಯೂ ಧಾರಾಳ. ಹೊಳೆಯ ನುಣ್ಣನೆಯ ಮರಳು ಸಿಕ್ಕಿದರೆ ಬಳಸಬಹುದು, ಆದರೆ ಅದರ ಹಿಂದೆ ದುಡಿಮೆಯಿದೆ. ಬಕೆಟ್ಟಿನಲ್ಲಿ ಹಾಕಿ, ನೀರು ತಿಳಿಯಾಗಿ ಹರಿಯುವವರೆಗೆ ಎಂಟು ಹತ್ತು ಸಲ ತೊಳೆಯಬೇಕು. ಜರಡಿ ಹಿಡಿದು ಹರಳು, ಕಸ ಬೇರ್ಪಡಿಸಬೇಕು. ಕೊನೆಗೆ ಮಂಡಕ್ಕಿ ಭಟ್ಟಿಯವರು ಮರಳು ಕಾಯಿಸುವಂತೆ ಕಬ್ಬಿಣದ ಬಾಣಲೆಯಲ್ಲಿ ಅರ್ಧ ಗಂಟೆ ಹುರಿದು, ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ ತುಂಬಬೇಕು. ಹುರಿಯುವುದರಿಂದ ಹುಳು, ಮೊಟ್ಟೆ, ಬೂಷ್ಟು ಸಾಯುತ್ತವೆ. ಬಟ್ಟಲು ಅದು ಒಳಗೆ ಪೂರ್ತಿ ತಿರುಗಿ ಮಲಗುವಷ್ಟು ಅಗಲವಿರಲಿ, ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಮರಳಿರಲಿ. ಒಣ ಊರುಗಳಲ್ಲಿ ಬಟ್ಟಲನ್ನು ಗೂಡಿನಲ್ಲೇ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ಬಿಟ್ಟರೆ ಮರಳು ಎರಡೇ ದಿನದಲ್ಲಿ ಪಸೆಯೇರಿ ಮುದ್ದೆಗಟ್ಟುತ್ತದೆ. ಆದ್ದರಿಂದ ಸಂಜೆ ಒಂದೆರಡು ಗಂಟೆ ಇಟ್ಟು, ತೆಗೆದು, ಜರಡಿಯಾಡಿ ಬಿಗಿಮುಚ್ಚಳದ ಡಬ್ಬಿಗೆ ಹಾಕುವುದು ಒಳ್ಳೆಯದು. ವಾರಕ್ಕೊಮ್ಮೆ ಮತ್ತೆ ಬಾಣಲೆ ಕಾಣಿಸಬೇಕು. ಕುಬ್ಜ ಜಾತಿಗಳು, ಅದರಲ್ಲೂ ರೋಬೊರೊವ್‌ಸ್ಕಿ, ಮರಳು ಕಂಡರೆ ಹುಚ್ಚೆದ್ದು ಹೊರಳುತ್ತವೆ. ಸಿರಿಯನ್‌ಗಳಲ್ಲಿ ಕೆಲವು ಅದನ್ನು ಮೂತ್ರಕ್ಕೆ ಮಾತ್ರ ಬಳಸುತ್ತವೆ. ಬೇಸರ ಬೇಡ, ಅದೂ ಲಾಭವೇ: ಮೂತ್ರ ಒಂದೇ ಕಡೆ ಬಿದ್ದರೆ ಹಾಸು ಒಣಗಿರುತ್ತದೆ.

ಹಾಸಿನ ಮಾತಿಗೆ ಬಂದರೆ, ಆ ದಿನ ಮಗಳಿಗೆ ಬಂದ ವಾಸನೆಯ ಮೂಲ ಅಲ್ಲಿತ್ತು. ಗುಂಡನನ್ನು ಬೆಚ್ಚಗೆ ಮಲಗಿಸಿ ನಾವಿಬ್ಬರೂ ಗೂಡು ಬಗೆದಾಗ ಹಿಂದಿನ ಮೂಲೆಯಲ್ಲಿ ಮೂತ್ರ ಹೀರಿದ ಹಾಸು ಕೆಸರಿನಂತಾಗಿತ್ತು; ಅದರ ಪಕ್ಕದಲ್ಲಿ ಯಾವಾಗಲೋ ಬಚ್ಚಿಟ್ಟ ಸೌತೆಕಾಯಿ ಹೋಳಿನ ಮೇಲೆ ಬೂದುಬಣ್ಣದ ಬೂಷ್ಟು ಬೆಳೆದಿತ್ತು. ನಾರುತ್ತಿದ್ದುದು ಗುಂಡನಲ್ಲ, ಗೂಡು. ಬಹುತೇಕ ಮನೆಗಳಲ್ಲಿ ಹೀಗೇ ಆಗುತ್ತದೆ. ಆರೋಗ್ಯವಂತ ಹ್ಯಾಮ್‌ಸ್ಟರ್‌ನ ಮೈಗೆ ಮೂಗು ತಾಗಿಸಿದರೂ ಸಿಗುವುದು ಒಣ ಧಾನ್ಯದಂಥ ಮಂದ ವಾಸನೆ ಮಾತ್ರ.

ನಮ್ಮ ಕಡೆ ಹಾಸಿಗಾಗಿ ಜನ ಮೊದಲು ನೋಡುವುದು ಸಾಮಿಲ್ಲಿನ ಮರದ ಹೊಟ್ಟನ್ನು. ಸಿಲ್ವರ್ ಓಕ್, ಹಲಸು, ತೇಗ ಎಲ್ಲ ಬೆರೆತ, ಯಾವ ಮರಕ್ಕೆ ಯಾವ ಔಷಧಿ ಹೊಡೆದಿದೆಯೆಂದು ಗೊತ್ತಿಲ್ಲದ ಆ ನಯವಾದ ಪುಡಿ ಮೂಗಿಗೂ ಕಣ್ಣಿಗೂ ಶತ್ರು. ತುಪ್ಪಳದ ಬುಡದಲ್ಲಿ ಸೇರಿಕೊಂಡು ತುರಿಕೆಯನ್ನೂ ತರುತ್ತದೆ. ಪೈನ್ ಮತ್ತು ಸೀಡರ್ ಮರದ ಚೂರುಗಳು ಅಂಗಡಿಯ ಪೊಟ್ಟಣದಲ್ಲಿ ಚೆಂದ ಕಾಣುತ್ತವೆ, ಆದರೆ ಅವುಗಳಿಂದ ಹೊರಡುವ ಘಾಟು ಉಸಿರಾಟದ ನಾಳವನ್ನು ಕೆರಳಿಸುತ್ತದೆ. ಭತ್ತದ ಹುಲ್ಲು ಗದ್ದೆಯಿಂದ ಬಂದದ್ದು. ಅದರಲ್ಲಿ ಹೊಲದಿಲಿಗಳು ಓಡಾಡಿರುತ್ತವೆ, ಅವುಗಳ ಮೈಮೇಲಿನ ನುಸಿ ನಮ್ಮ ಹ್ಯಾಮ್‌ಸ್ಟರ್ ಮೇಲೆ ಹತ್ತಲು ತಡವಿಲ್ಲ. ತೋಟದ ಮನೆಯವರು ಕಾಫಿ ಹೊಟ್ಟನ್ನೂ ಹಾಕಿ ನೋಡಬಹುದು. ದಯವಿಟ್ಟು ಬೇಡ, ಅದರಲ್ಲಿ ಕೆಫೀನ್ ಉಳಿದಿರುತ್ತದೆ, ತೇವಕ್ಕೆ ಬೇಗ ಬೂಷ್ಟೂ ಹಿಡಿಯುತ್ತದೆ. ಹತ್ತಿ, ಉಣ್ಣೆಯಂಥ ನಾರುಗಳು ಕಾಲಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸಿದ ಉದಾಹರಣೆಗಳು ಇರುವುದರಿಂದ ಅವೂ ಸಲ್ಲವು. ಉಳಿಯುವುದು ಕಾಗದದ ಹಾಸು, ಅಥವಾ ದೂಳು ತೆಗೆದ ಆಸ್ಪೆನ್ ಮರದ ಚೂರು. ಗೂಡು ಕಟ್ಟಲು ಬಣ್ಣ, ಸುವಾಸನೆಯಿಲ್ಲದ ಟಿಶ್ಯೂ ಕಾಗದವನ್ನು ಹರಿದು ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಸಿರಿಯನ್‌ಗೆ ಹಾಸು 20ರಿಂದ 25 ಸೆಂಟಿಮೀಟರ್ ಆಳವಿದ್ದರೆ ಬಿಲ ತೋಡಿ ಒಳಗೆ ಒಣಗಿ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಅದಕ್ಕೆ ಆಸರೆ ಈ ಆಳವೇ.

ಶುಚಿ ಮಾಡುವಾಗ ಅತಿಯೂ ಸಲ್ಲದು. ಮೂತ್ರದ ಮೂಲೆಯನ್ನು ದಿನವೂ ತೆಗೆಯಬೇಕು, ಬಚ್ಚಿಟ್ಟ ಹಸಿ ತಿಂಡಿಯನ್ನು ಹುಡುಕಿ ತೆಗೆಯಬೇಕು. ಆದರೆ ಇಡೀ ಗೂಡನ್ನು ಒಮ್ಮೆಗೇ ತೊಳೆದು ಹೊಸ ಹಾಸು ಹಾಕಿದರೆ ತನ್ನ ಗುರುತಿನ ವಾಸನೆ ಕಳೆದುಕೊಂಡು ಅದು ಗಾಬರಿಯಾಗುತ್ತದೆ, ಎಲ್ಲ ಕಡೆ ಮತ್ತೆ ಗುರುತು ಹಾಕಲು ಹೊರಡುತ್ತದೆ. ವಾಸನೆ ಮೊದಲಿಗಿಂತ ಹೆಚ್ಚುತ್ತದೆ. ಒಂದು ಸಲಕ್ಕೆ ಮೂರರಲ್ಲೊಂದು ಪಾಲು ಬದಲಿಸಿ, ಒಣಗಿರುವ ಹಳೆಯ ಹಾಸನ್ನು ಹೊಸದರೊಂದಿಗೆ ಬೆರೆಸುವುದು ನಮ್ಮ ಪದ್ಧತಿ.

ಇನ್ನು ಕೋಣೆಯ ಥಂಡಿ. ಹ್ಯಾಮ್‌ಸ್ಟರ್‌ಗೆ ಹಿತವಾದ ಉಷ್ಣತೆ ಸುಮಾರು 18ರಿಂದ 24 ಡಿಗ್ರಿ, ಗಾಳಿಯ ತೇವ ಶೇಕಡ 40ರಿಂದ 60. ಮಳೆಗಾಲದ ಮಡಿಕೇರಿಯಲ್ಲಿ ಶೇಕಡ 90 ದಾಟುವುದು ದಿನನಿತ್ಯದ ಸಂಗತಿ. ಪುತ್ತರಿ ಸುಗ್ಗಿಹಬ್ಬದ ನಂತರದ ಚಳಿಯಲ್ಲಿ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವುದೂ ಸಾಮಾನ್ಯ. ಉಷ್ಣತೆ ಮತ್ತು ತೇವ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಮಾಪಕವನ್ನು ಗೂಡಿನ ಪಕ್ಕ ಇಟ್ಟರೆ ಊಹೆಗೆ ಬದಲು ಲೆಕ್ಕ ಸಿಗುತ್ತದೆ. ಗೂಡನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಬೇಕು. ಮಳೆ ಹೊಡೆಯುವ ಹೊರಗೋಡೆಗೆ ತಾಗಿಸದೆ ಮನೆಯ ನಡುಗೋಡೆಯ ಬಳಿ ಇಡಬೇಕು. ಹಳೆಯ ಮೀನಿನ ತೊಟ್ಟಿಯನ್ನೇ ಗೂಡಾಗಿಸಿದ್ದರೆ ಗಾಜಿನ ಒಳಮೈಯಲ್ಲಿ ಬೆಳಿಗ್ಗೆ ಹನಿಗಟ್ಟುವುದನ್ನು ಗಮನಿಸಬೇಕು: ಹನಿ ಕಂಡರೆ ಮುಚ್ಚಳ ಪೂರ್ತಿ ಜಾಲರಿಯದಾಗಬೇಕು. ಕೋಣೆಗೆ ತೇವ ಹೀರುವ ಯಂತ್ರ ತರಲು ಅನುಕೂಲವಿದ್ದವರು ತರಲಿ. ಬಟ್ಟೆಯ ಕಪಾಟಿನಲ್ಲಿಡುವ ತೇವ ಹೀರುವ ಡಬ್ಬಿಗಳೂ ನೆರವಾಗುತ್ತವೆ, ಆದರೆ ಅದರಲ್ಲಿ ಇಳಿಯುವ ದ್ರವ ಸುಡುವಂಥದು, ಗೂಡಿನ ಹೊರಗೆ ಎಟುಕದಂತೆ ಇರಬೇಕು.

ನಮ್ಮಲ್ಲಿ ಥಂಡಿಗೆ ಮೊದಲ ಮದ್ದು ಅಗ್ಗಿಷ್ಟಿಕೆ. ಬಟ್ಟೆ ಆರಿಸುವ ಕೆಂಡದ ಪಕ್ಕ ಹ್ಯಾಮ್‌ಸ್ಟರ್ ಗೂಡನ್ನೂ ಇಡುವ ಮನಸ್ಸಾಗುತ್ತದೆ. ಹಾಗೆ ಮಾಡಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಇಂಗಾಲದ ಮೊನಾಕ್ಸೈಡ್ ಮನುಷ್ಯರನ್ನೇ ಕೊಲ್ಲುತ್ತದೆ, ಈ ಸಣ್ಣ ಪ್ರಾಣಿಗೆ ಇನ್ನೆಷ್ಟು ಹೊತ್ತು? ಹೊಗೆ ಕೂದಲಿಗೂ ಅಂಟುತ್ತದೆ. ಇದೇ ಕಾರಣಕ್ಕೆ ಹಾಸಿನ ಪೊಟ್ಟಣವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು. ಒಣಗಿರುತ್ತದೆ ನಿಜ, ಆದರೆ ಹೊಗೆ ಕುಡಿದಿರುತ್ತದೆ. ಸಾಂಬ್ರಾಣಿ, ಸೊಳ್ಳೆಬತ್ತಿಗಳನ್ನು ಆ ಕೋಣೆಯಲ್ಲಿ ಹಚ್ಚಬಾರದು. ಬಟ್ಟೆಯ ನಡುವೆ ಇಡುವ ನ್ಯಾಫ್ತಲೀನ್ ಉಂಡೆಗಳಂತೂ ಗೂಡಿನ ಹತ್ತಿರ ಸುಳಿಯಲೇಬಾರದು, ಅದರ ಆವಿ ವಿಷ.

ಕೂದಲು ಬೆಳೆಯುವುದು ಒಳಗಿನಿಂದ. ಅದು ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ಊಟದಲ್ಲಿ ಪ್ರೋಟೀನ್ ಕಡಿಮೆಯಾದರೆ ಕೂದಲು ತೆಳುವಾಗಿ, ಹೊಳಪು ಹೋಗಿ, ಕೊನೆಗೆ ಉದುರುತ್ತದೆ. ಹ್ಯಾಮ್‌ಸ್ಟರ್‌ನ ಮುಖ್ಯ ಆಹಾರದಲ್ಲಿ ಶೇಕಡ 16ರಿಂದ 20ರಷ್ಟು ಪ್ರೋಟೀನ್ ಇರಬೇಕು. ಬರೀ ಕಾಳುಗಳ ಮಿಶ್ರಣ ಹಾಕಿದರೆ ಅದು ಸೂರ್ಯಕಾಂತಿ ಬೀಜವನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ. ಮೈ ಕೊಬ್ಬುತ್ತದೆ, ಕೂದಲು ಜಿಡ್ಡಾಗುತ್ತದೆ, ಕೊಬ್ಬಿದ ಮೈಗೆ ಬೆನ್ನು, ಹಿಂಭಾಗ ಎಟುಕದೆ ಅಲ್ಲಿ ಕೊಳೆ ನಿಲ್ಲುತ್ತದೆ. ಹ್ಯಾಮ್‌ಸ್ಟರ್ ಪೆಲೆಟ್ಟಿನ ಜೊತೆಗೆ ನವಣೆ, ರಾಗಿ, ಓಟ್ಸ್, ವಾರಕ್ಕೆರಡು ಸಲ ಚಿಟಿಕೆ ಅಗಸೆ ಬೀಜ, ಬೇಯಿಸಿದ ಮೊಟ್ಟೆಯ ಬಿಳಿಯ ಒಂದು ತುಣುಕು ಕೊಟ್ಟರೆ ಹೊಳಪು ಕೆಲವು ವಾರಗಳಲ್ಲಿ ಮರಳುತ್ತದೆ. ಕೊಡಗಿನ ಕಿತ್ತಳೆ ನಮಗೆಷ್ಟು ಪ್ರಿಯವಾದರೂ ಅದರ ಹುಳಿ ಇದಕ್ಕಾಗದು. ತೋಟದಿಂದ ಸೊಪ್ಪು ಕಿತ್ತು ತರುವವರು ಎರಡು ಸಲ ಯೋಚಿಸಬೇಕು: ಕಾಫಿಗೂ ಕರಿಮೆಣಸಿಗೂ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ ಕೆಳಗಿನ ಗಿಡಗಳ ಮೇಲೂ ಬಿದ್ದಿರುತ್ತದೆ, ಕಳೆನಾಶಕವೂ ಇರಬಹುದು, ಸೊಪ್ಪಿನೊಂದಿಗೆ ಉಣುಗು ಬರುವುದೂ ಉಂಟು. ಕಕ್ಕಡದಲ್ಲಿ ನಾವು ತಿನ್ನುವ ಮದ್ದುಸೊಪ್ಪು ನಮ್ಮ ಪಾಯಸಕ್ಕೇ ಇರಲಿ.

ಉದ್ದ ಕೂದಲಿನ ಸಿರಿಯನ್, ಅಂದರೆ ಅಂಗಡಿಯವರು ಟೆಡ್ಡಿ ಬೇರ್ ಎಂದು ಕರೆಯುವ ಬಗೆಗೆ ಮಾತ್ರ ನಮ್ಮ ಕೈಯ ನೆರವು ಬೇಕಾಗುತ್ತದೆ. ಗಂಡುಗಳಲ್ಲಿ ಸೊಂಟದಿಂದ ಕೆಳಗೆ ಲಂಗದಂತೆ ಇಳಿಯುವ ಕೂದಲಿಗೆ ಹಾಸಿನ ಚೂರು ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ಎಳೆಗಳ ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ವಾರಕ್ಕೆರಡು ಸಲ ಕೂದಲು ಬೆಳೆದ ದಿಕ್ಕಿನಲ್ಲೇ ಬಾಚಬೇಕು. ಗಂಟನ್ನು ಎಳೆಯಬಾರದು, ಬೆರಳಿನಿಂದ ಬಿಡಿಸಿ ನೋಡಿ, ಆಗದಿದ್ದರೆ ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ಇಟ್ಟು ಮೊಂಡು ತುದಿಯ ಕತ್ತರಿಯಿಂದ ತೆಗೆಯಬೇಕು.

ಈಗ ಗಾಬರಿಯಾಗಬೇಕಿಲ್ಲದ ಕೆಲವು ಸಂಗತಿಗಳು. ಸಿರಿಯನ್ ಹ್ಯಾಮ್‌ಸ್ಟರ್‌ನ ಎರಡೂ ಪಕ್ಕೆಗಳಲ್ಲಿ, ಸೊಂಟದ ಬಳಿ, ಕಪ್ಪನೆಯ ಒಂದೊಂದು ಚುಕ್ಕೆಯಿರುತ್ತದೆ. ಅದು ಗಾಯವಲ್ಲ, ನರಹುಲಿಯಲ್ಲ. ವಾಸನೆಯ ಗುರುತು ಹಾಕುವ ಗ್ರಂಥಿ. ಗಂಡಿನಲ್ಲಿ ದೊಡ್ಡದು, ಕೆಲವೊಮ್ಮೆ ಅದರ ಸುತ್ತ ಕೂದಲು ಒದ್ದೆಯಾದಂತೆ ಕಾಣುತ್ತದೆ. ಕುಬ್ಜ ಜಾತಿಗಳಲ್ಲಿ ಇಂಥ ಗ್ರಂಥಿ ಹೊಟ್ಟೆಯ ನಡುವೆ, ಹಳದಿ ಚುಕ್ಕೆಯಂತಿರುತ್ತದೆ. ಅದನ್ನು ಉಜ್ಜಿ ತೆಗೆಯಲು ಹೋದವರಿದ್ದಾರೆ. ವಿಂಟರ್ ವೈಟ್ ಎಂಬ ಕುಬ್ಜ ಬಗೆ ಹಗಲು ಗಿಡ್ಡವಾದಾಗ ಬಿಳಿ ತಿರುಗುವುದೂ ಸಹಜವೇ. ಮೂಗಿನ ಮೇಲೆ ಮಾತ್ರ ಕೂದಲು ಸವೆದಿದ್ದರೆ ಅದು ರಾತ್ರಿಯಿಡೀ ಗೂಡಿನ ಕಂಬಿ ಕಡಿಯುತ್ತಿದೆ ಎಂದರ್ಥ. ಅದಕ್ಕೆ ಬೇಕಾದುದು ಮುಲಾಮಲ್ಲ, ದೊಡ್ಡ ಗೂಡು ಮತ್ತು ಗಟ್ಟಿ ತಳದ ಚಕ್ರ. ಒಂದೇ ಗೂಡಿನಲ್ಲಿ ಎರಡು ಸಿರಿಯನ್‌ಗಳಿದ್ದು ಮೈಯಲ್ಲಿ ಅಲ್ಲಲ್ಲಿ ಕೂದಲು ಕಿತ್ತುಹೋಗಿದ್ದರೆ ಅದೇ ದಿನ ಬೇರೆ ಮಾಡಬೇಕು. ಬೆಳೆದ ಸಿರಿಯನ್‌ಗಳು ಜೊತೆಯಾಗಿ ಬಾಳುವುದಿಲ್ಲ, ಸಾಯುವವರೆಗೂ ಕಚ್ಚಾಡುತ್ತವೆ. ಜೋಡಿಯಾಗಿ ಒಯ್ಯಿರಿ ಎಂದು ಅಂಗಡಿಯವರು ಹೇಳಿದರೂ ಕೇಳಬಾರದು.

ಗಾಬರಿಯಾಗಬೇಕಾದವು ಬೇರೆ. ಬೆನ್ನು, ಸೊಂಟದ ಮೇಲೆ ಕೂದಲುದುರಿ ಚರ್ಮ ಹೊಟ್ಟೇಳುತ್ತಿದ್ದರೆ ಡೆಮೊಡೆಕ್ಸ್ ನುಸಿಯ ಶಂಕೆ. ಈ ನುಸಿ ಆರೋಗ್ಯವಂತ ಮೈಯಲ್ಲೂ ಸ್ವಲ್ಪ ಇರುತ್ತದೆ, ಮುಪ್ಪಿನಲ್ಲಿ ಅಥವಾ ಬೇರೆ ಕಾಯಿಲೆಯಲ್ಲಿ ಶಕ್ತಿ ಕುಂದಿದಾಗ ತಲೆಯೆತ್ತುತ್ತದೆ. ಕಿವಿ, ಮೂಗಿನ ಮೇಲೆ ಹಕ್ಕಳೆಗಟ್ಟಿದರೆ ಬೇರೆ ಜಾತಿಯ ನುಸಿ. ದುಂಡಗೆ ಕೂದಲು ಹೋಗಿ ಅಂಚು ಹೊಟ್ಟಾಗಿದ್ದರೆ ಹುಳುಕಡ್ಡಿಯಿರಬಹುದು. ಇದು ಥಂಡಿಯ ಗೆಳೆಯ, ಮುಟ್ಟಿದವರ ಕೈಗೂ ಹರಡುತ್ತದೆ, ಹಾಗಾಗಿ ಮಕ್ಕಳು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಎರಡೂ ಪಕ್ಕೆಗಳಲ್ಲಿ ಒಂದೇ ರೀತಿ ಕೂದಲುದುರಿ, ಚರ್ಮ ತೆಳುವಾಗಿ ಕಪ್ಪಾಗಿ, ನೀರು ಕುಡಿಯುವುದು ಹೆಚ್ಚಾಗಿದ್ದರೆ ಹಾರ್ಮೋನಿನ ತೊಂದರೆ. ಬಾಲದ ಸುತ್ತ ತುಪ್ಪಳ ಒದ್ದೆಯಾಗಿ ನಾರುತ್ತಿದ್ದರೆ, ಅದರಲ್ಲೂ ಮರಿ ಹ್ಯಾಮ್‌ಸ್ಟರ್‌ನಲ್ಲಿ, ಅದು ಕೊಳೆಯಲ್ಲ. ವೆಟ್ ಟೇಲ್ ಎಂಬ ಕರುಳಿನ ಸೋಂಕು, ಒಂದೆರಡು ದಿನದಲ್ಲೇ ಪ್ರಾಣ ತೆಗೆಯಬಲ್ಲದು. ಒರೆಸುತ್ತಾ ಕೂರದೆ ಕೂಡಲೇ ವೈದ್ಯರಲ್ಲಿಗೆ ಹೊರಡಬೇಕು.

ಕಷ್ಟವಿರುವುದು ಇಲ್ಲೇ. ನಮ್ಮ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ಹಸು, ಹಂದಿ, ನಾಯಿ. ಹ್ಯಾಮ್‌ಸ್ಟರ್ ನೋಡಿ ಅಭ್ಯಾಸವಿರುವ ವೈದ್ಯರಿಗಾಗಿ ಮೈಸೂರಿನವರೆಗೆ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಹೋಗಬೇಕಾಗಬಹುದು. ಕಾಯಿಲೆ ಬರುವ ಮೊದಲೇ ಅಂಥವರ ಫೋನ್ ನಂಬರು ಹುಡುಕಿಟ್ಟುಕೊಳ್ಳಿ. ದೂರವೆಂಬ ಕಾರಣಕ್ಕೆ ಮನೆಯ ಮಾತ್ರೆ ಪುಡಿ ಮಾಡಿ ಕೊಡುವ ಸಾಹಸ ಮಾತ್ರ ಖಂಡಿತ ಬೇಡ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಎರಿಥ್ರೊಮೈಸಿನ್‌ನಂಥ, ನಮ್ಮ ಮಕ್ಕಳಿಗೆ ದಿನನಿತ್ಯ ಬರೆದುಕೊಡುವ ಔಷಧಿಗಳು ಹ್ಯಾಮ್‌ಸ್ಟರ್‌ನ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷಕಾರಿ ಕ್ಲಾಸ್ಟ್ರಿಡಿಯಂ ಜಾತಿಯವು ಹೆಚ್ಚಲು ಎಡೆ ಮಾಡುತ್ತವೆ. ಅದರಿಂದ ಪ್ರಾಣಿ ಕೆಲವೇ ದಿನದಲ್ಲಿ ಸಾಯುತ್ತದೆ. ನಾಯಿಯ ಉಣುಗಿಗೆ ಹಾಕುವ ಪುಡಿ, ಶಾಂಪೂಗಳ ಪ್ರಮಾಣ ಇದರ ಮೈಗೆ ಹಲವು ಪಟ್ಟು ಮಿತಿಮೀರಿದ್ದು. ಕೊಬ್ಬರಿ ಎಣ್ಣೆ, ಅರಿಶಿನ, ಬೇವಿನೆಣ್ಣೆಗಳನ್ನು ಹಚ್ಚಿದರೆ ಕೂದಲು ಅಂಟಿ ಚಳಿ ಹೊಕ್ಕುತ್ತದೆ; ನೆಕ್ಕಿ ಹೊಟ್ಟೆ ಕೆಡುತ್ತದೆ.

ಹಾಗಾದರೆ ನಿಜವಾಗಿಯೂ ಏನಾದರೂ ಮೆತ್ತಿಕೊಂಡಾಗ? ಬೆಲ್ಲದ ಪಾಕವೋ ಹಣ್ಣಿನ ರಸವೋ ತಾಗಿದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯ ತುದಿಯಿಂದ ಆ ಒಂದು ಜಾಗವನ್ನಷ್ಟೇ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ, ಪೂರ್ತಿ ಒಣಗುವವರೆಗೆ ಕೈಯಲ್ಲಿ ಬೆಚ್ಚಗೆ ಹಿಡಿದಿರಬೇಕು. ಪೇಂಟು, ಸೀಮೆಎಣ್ಣೆಯಂಥವು ತಾಗಿದರೆ ಅದು ನೆಕ್ಕದಂತೆ ಬಟ್ಟೆಯಲ್ಲಿ ಸುತ್ತಿ ವೈದ್ಯರಿಗೆ ಫೋನ್ ಮಾಡುವುದು ಮೊದಲ ಕೆಲಸ.

ಸಿರಿಯನ್ ಹ್ಯಾಮ್‌ಸ್ಟರ್ ಬದುಕುವುದು ಎರಡರಿಂದ ಮೂರು ವರ್ಷ. ಒಂದೂವರೆ ವರ್ಷ ದಾಟಿದ ಮೇಲೆ ತುಪ್ಪಳ ತೆಳುವಾಗುತ್ತದೆ, ಹೊಟ್ಟೆಯ ಕೆಳಗೆ ಚರ್ಮ ಕಾಣುತ್ತದೆ. ಗುಂಡನಿಗೆ ಈಗ ಎರಡು ತುಂಬಿದೆ. ಕೀಲು ಬಿಗಿದು ಬೆನ್ನಿನ ಹಿಂಭಾಗಕ್ಕೆ ಬಾಯಿ ಎಟುಕುವುದಿಲ್ಲ; ಮುಖ ಒರೆಸಿಕೊಂಡು ಪಕ್ಕೆಗೆ ತಿರುಗುವಷ್ಟರಲ್ಲಿ ಆಯ ತಪ್ಪಿ ಕುಳಿತುಬಿಡುತ್ತದೆ. ಮರಳಿನ ಬಟ್ಟಲಿನ ಅಂಚು ಹತ್ತಲಾರದೆಂದು ಮಗಳು ಅದನ್ನು ಬದಲಿಸಿ ತಗ್ಗಿನ ತಟ್ಟೆ ಇಟ್ಟಿದ್ದಾಳೆ. ಭಾನುವಾರ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಕೂದಲು ಕೆದರುವುದಕ್ಕೂ ತೂಕ ಇಳಿಯುವುದಕ್ಕೂ ನಂಟಿರುವುದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು. ಆಮೇಲೆ ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ಅದರ ಬಾಯಿಗೆ ಎಟುಕದ ಆ ಎರಡಂಗುಲ ಬೆನ್ನನ್ನು ಬ್ರಷ್ಷಿನಿಂದ ನಿಧಾನವಾಗಿ, ಕೂದಲು ಬೆಳೆದ ದಿಕ್ಕಿನಲ್ಲಿ ಬಾಚುತ್ತಾಳೆ.